‘ಬಂದು ನನ್ನನ್ನು ನೋಡಿ’ ಎಂದರೆ ಬೈಗುಳವಲ್ಲ

ಪ್ರಶ್ನೆ: ದಾವಣಗೆರೆಯಲ್ಲಿ ಪಿಯುಸಿ ವಿಜ್ಞಾನ ಮುಗಿಸಿ ಈ ಆಗಸ್ಟ್‌ನಲ್ಲಿ ಅಮೆರಿಕದ ಐಯೋವಾ ರಾಜ್ಯದ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜೊಂದಕ್ಕೆ (ವಿಜ್ಞಾನ, ಕಲೆ ಎಲ್ಲವನ್ನೂ ಒಟ್ಟಿಗೆ ಕಲಿಸುವ ಪದವಿ ಕಾಲೇಜು) ಸೇರಿದ್ದೇನೆ. ತರಗತಿಯಲ್ಲಿ ಇರುವುದೇ ಹದಿನಾಲ್ಕು ಜನ. ಎಲ್ಲರೂ ಮೇಜಿನ ಸುತ್ತ ಕುಳಿತು ಚರ್ಚಿಸುತ್ತಾರೆ. ಎಷ್ಟೇ ಓದಿಕೊಂಡು ಹೋದರೂ ನನಗೆ ಬಾಯಿ ತೆರೆಯಲಾಗುತ್ತಿಲ್ಲ. ಮೊದಲ ಪ್ರಬಂಧಕ್ಕೆ ಬಿ ಮೈನಸ್ ಬಂದಿದೆ. ಕೊನೆಯಲ್ಲಿ ಪ್ರೊಫೆಸರ್ ‘ಬಂದು ನನ್ನನ್ನು ನೋಡಿ’ ಎಂದು ಬರೆದಿದ್ದಾರೆ. ಒಂದು ವಾರದಿಂದ ಅವರ ಕೋಣೆಯ ಬಾಗಿಲವರೆಗೆ ಹೋಗಿ ವಾಪಸ್ಸಾಗುತ್ತಿದ್ದೇನೆ. ಅಪ್ಪ ಬೇರೆ, ‘ಕಂಪ್ಯೂಟರ್ ಸೈನ್ಸ್ ಎಂದು ಹೋದವಳು ಆರ್ಟ್ಸ್ ಓದುತ್ತಿದ್ದೀಯಾ?’ ಎಂದು ಪ್ರತಿ ಭಾನುವಾರ ಕೇಳುತ್ತಾರೆ.
– ವಿದ್ಯಾರ್ಥಿನಿ, ಐಯೋವಾ

ಉತ್ತರ: ನಾಳೆಯೇ ಹೋಗಿ. ನಮ್ಮಲ್ಲಿ ಸ್ಟಾಫ್ ರೂಮಿಗೆ ಕರೆ ಬಂತೆಂದರೆ ಏನೋ ತಪ್ಪಾಗಿದೆ ಎಂದೇ ಲೆಕ್ಕ. ಅಲ್ಲಿ ಆ ಸಾಲಿಗೆ ‘ಹಾಳೆಯ ಅಂಚಿನಲ್ಲಿ ಬರೆದು ಮುಗಿಸಲಾಗದಷ್ಟು ಹೇಳುವುದಿದೆ’ ಎಂಬಷ್ಟೇ ಅರ್ಥ. ನಾನು ಇಪ್ಪತ್ತು ವರ್ಷ ಇಂಥದ್ದೇ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದೆ. ವಿದ್ಯಾರ್ಥಿಗಳಿಗೆಂದೇ ಮೀಸಲಿಟ್ಟ ಆಫೀಸ್ ಅವರ್ಸ್‌ನಲ್ಲಿ ಬಾಗಿಲು ತೆರೆದಿಟ್ಟು, ಕಾಫಿ ಆರಿಸಿಕೊಳ್ಳುತ್ತಾ, ಯಾರಾದರೂ ಬರಲಿ ಎಂದು ಕಾಯುತ್ತಿದ್ದೆ. ಪರೀಕ್ಷೆಯ ಹಿಂದಿನ ದಿನ ಮಾತ್ರ ಸಾಲು ನಿಲ್ಲುತ್ತಿತ್ತು.

ಹೋಗುವಾಗ ಪ್ರಬಂಧವನ್ನೂ ಒಂದೇ ಒಂದು ಪ್ರಶ್ನೆಯನ್ನೂ ಒಯ್ಯಿರಿ. ‘ಅಂಕ ಯಾಕೆ ಕಡಿಮೆಯಾಯಿತು’ ಎಂದು ಕೇಳಬೇಡಿ. ‘ನನ್ನ ವಾದ ಯಾವ ಪ್ಯಾರಾದಲ್ಲಿ ದಾರಿ ತಪ್ಪಿತು’ ಎಂದು ಕೇಳಿ. ನನ್ನ ಊಹೆ ಹೇಳುತ್ತೇನೆ: ಪೀಠಿಕೆ, ಐದು ಅಂಶ, ಉಪಸಂಹಾರ ಎಂಬ ನಮ್ಮ ಅಚ್ಚಿನಲ್ಲಿ ನೀವು ಚೊಕ್ಕವಾಗಿಯೇ ಬರೆದಿರುತ್ತೀರಿ. ಪುಸ್ತಕ ಏನು ಹೇಳುತ್ತದೆ ಎಂಬುದೆಲ್ಲ ಅದರಲ್ಲಿ ಇರುತ್ತದೆ, ನೀವು ಏನು ಹೇಳುತ್ತೀರಿ ಎಂಬುದು ಇರುವುದಿಲ್ಲ. ಅವರು ಹುಡುಕುವುದು ಅದನ್ನೇ. ಪರಿಷ್ಕರಿಸಿದ ಪ್ರತಿಯನ್ನು, ಬರವಣಿಗೆ ಸುಧಾರಿಸಿಕೊಳ್ಳಲು ನೆರವಾಗುವ ಕಾಲೇಜಿನ ರೈಟಿಂಗ್ ಸೆಂಟರ್‌ಗೆ ಒಯ್ಯಿರಿ. ಅದು ದಡ್ಡರ ಟ್ಯೂಷನ್ ಅಲ್ಲ, ಚೆನ್ನಾಗಿ ಬರೆಯುವವರೂ ಅಲ್ಲಿಗೆ ಹೋಗುತ್ತಾರೆ.

ಇನ್ನೊಂದು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಗೈಡಿನ ಸಾಲನ್ನು ಬಾಯಿಪಾಠ ಮಾಡಿ ಹಾಗೆಯೇ ಇಳಿಸಿದರೆ ನಮ್ಮಲ್ಲಿ ಪೂರ್ಣ ಅಂಕ. ಅಲ್ಲಿ ಮೂಲವನ್ನು ಹೆಸರಿಸದೆ ಬೇರೆಯವರ ಒಂದು ವಾಕ್ಯ ಬಳಸಿದರೂ ವಿಷಯ ಶಿಸ್ತು ಸಮಿತಿಯವರೆಗೆ ಹೋಗಬಹುದು. ವಿದ್ಯಾರ್ಥಿ ನಕಲು ಮಾಡುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಆ ಕಾಲೇಜುಗಳು ನಿಂತಿವೆ. ಪೆನ್ಸಿಲ್ವೇನಿಯಾದ ಹ್ಯಾವರ್‌ಫರ್ಡ್ ಕಾಲೇಜಿನಲ್ಲಿ ಪರೀಕ್ಷಾ ಕೊಠಡಿಗೆ ಮೇಲ್ವಿಚಾರಕರೇ ಇರುವುದಿಲ್ಲ. ಸೆಮಿಸ್ಟರ್ ಕೊನೆಯ ಬಹುತೇಕ ಪರೀಕ್ಷೆಗಳನ್ನು ಯಾವ ದಿನ ಬರೆಯಬೇಕೆಂದು ವಿದ್ಯಾರ್ಥಿಯೇ ಆರಿಸಿಕೊಳ್ಳುತ್ತಾನೆ. ನಕಲು ತಡೆಯುವ ಸ್ಕ್ವಾಡ್ ನೋಡಿ ಬೆಳೆದ ನಮಗೆ ಇದು ಕಟ್ಟುಕಥೆಯಂತೆ ಕೇಳಿಸುತ್ತದೆ.

ಇನ್ನು ಬಾಯಿ ತೆರೆಯುವ ವಿಚಾರ. ನಮ್ಮ ತರಗತಿಯಲ್ಲಿ ಸುಮ್ಮನಿರುವವಳು ಒಳ್ಳೆಯ ಹುಡುಗಿ. ಅಲ್ಲಿ ಸುಮ್ಮನಿರುವವಳು ಓದದೆ ಬಂದವಳು. ಅನ್ಯಾಯವೇ, ಆದರೆ ಹದಿನಾಲ್ಕು ಜನರ ನಡುವೆ ಅಡಗಿಕೊಳ್ಳಲು ಹಿಂದಿನ ಬೆಂಚು ಎಲ್ಲಿದೆ? ಮೊದಲ ಹತ್ತು ನಿಮಿಷದೊಳಗೆ ಮಾತಾಡಿಬಿಡಿ. ಹೊತ್ತು ಹೋದಂತೆ ಚರ್ಚೆ ಜಟಿಲವಾಗುತ್ತದೆ, ನಾಲಿಗೆ ಇನ್ನಷ್ಟು ಭಾರವಾಗುತ್ತದೆ. ಅಭಿಪ್ರಾಯವೇ ಹೇಳಬೇಕೆಂದಿಲ್ಲ. ‘42ನೇ ಪುಟದ ಈ ಸಾಲು ನನಗೆ ಅರ್ಥವಾಗಲಿಲ್ಲ’ ಎಂದರೂ ಸಾಕು. ಉಳಿದವರಲ್ಲಿ ಅರ್ಧ ಜನರಿಗೂ ಅದು ಅರ್ಥವಾಗಿರುವುದಿಲ್ಲ, ನಾನು ಪಂದ್ಯ ಕಟ್ಟುತ್ತೇನೆ.

ಅಪ್ಪನಿಗೆ ನಿಮ್ಮದೇ ರಾಜ್ಯದ ರಾಬರ್ಟ್ ನೋಯ್ಸ್ ಕಥೆ ಹೇಳಿ. ಐಯೋವಾದ ಗ್ರಿನೆಲ್ ಕಾಲೇಜಿನಲ್ಲಿ ಭೌತಶಾಸ್ತ್ರ, ಗಣಿತ ಓದಿ 1949ರಲ್ಲಿ ಪದವಿ ಪಡೆದವರು. 1968ರಲ್ಲಿ ಇಂಟೆಲ್ ಕಂಪನಿ ಕಟ್ಟಿದ ಇಬ್ಬರಲ್ಲಿ ಒಬ್ಬರು. ಅವರಿಗೆ ಸಿಕ್ಕಿದ್ದು ಬಿ.ಎ. ಪದವಿ. ಈಗಲೂ ಅಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಕೊಡುವುದು ಬಿ.ಎ. ಪದವಿಯೇ! ವಿದ್ಯಾರ್ಥಿಯಾಗಿದ್ದಾಗ ಇದೇ ಮಹಾಶಯರು ಹಾಸ್ಟೆಲ್ ಔತಣಕ್ಕೆಂದು ರೈತನೊಬ್ಬನ ಹಂದಿ ಕದ್ದು ಸಿಕ್ಕಿಬಿದ್ದಿದ್ದರು. ಭೌತಶಾಸ್ತ್ರದ ಅಧ್ಯಾಪಕ ಗ್ರಾಂಟ್ ಗೇಲ್ ಮತ್ತು ಕಾಲೇಜಿನ ಅಧ್ಯಕ್ಷರು ಅವರ ಪರ ನಿಂತದ್ದರಿಂದ ಡಿಬಾರ್ ತಪ್ಪಿ ಒಂದು ಸೆಮಿಸ್ಟರ್ ಅಮಾನತಿನಲ್ಲಿ ಮುಗಿಯಿತು. ಹುಡುಗ ಎಂಥವನೆಂದು ಗೇಲ್ ಅವರಿಗೆ ಹತ್ತಿರದಿಂದ ಗೊತ್ತಿತ್ತು. ಹಂದಿ ಕದಿಯದೆಯೂ ನಿಮ್ಮ ಪ್ರೊಫೆಸರ್‌ಗೆ ನಿಮ್ಮ ಗುರುತು ಆಗಬೇಕು. ಮುಂದೆ ಶಿಫಾರಸು ಪತ್ರ ಬರೆಯುವವರು ಅವರೇ. ಸ್ನಾತಕೋತ್ತರ ವಿದ್ಯಾರ್ಥಿಗಳೇ ಇಲ್ಲದ ಕಾಲೇಜಿನಲ್ಲಿ ಬೇಸಿಗೆಯ ಸಂಶೋಧನೆಗೆ ಅವರು ಕರೆಯುವುದೂ ನಿಮ್ಮಂಥವರನ್ನೇ.

ಮುಖ್ಯ ವಿಷಯವನ್ನು ಘೋಷಿಸಲು ಎರಡನೇ ವರ್ಷದವರೆಗೆ ಸಮಯವಿರುತ್ತದೆ. ಆದರೆ ಕಂಪ್ಯೂಟರ್ ಸೈನ್ಸಿನ ಮೊದಲ ಕೋರ್ಸನ್ನು ಅಲ್ಲಿಯವರೆಗೆ ಮುಂದೂಡಬೇಡಿ. ಒಂದು ಮುಗಿಸದೆ ಇನ್ನೊಂದಕ್ಕೆ ಸೇರಿಸಿಕೊಳ್ಳುವುದಿಲ್ಲ, ಸೀಟುಗಳೂ ಬೇಗ ತುಂಬುತ್ತವೆ.

ಪ್ರಶ್ನೆ: ಮಗನಿಗೆ ಸೀಟು ಸಿಕ್ಕಿರುವ ಕಾಲೇಜಿನ ಊರಿನಲ್ಲಿ ಹತ್ತು ಸಾವಿರ ಜನರೂ ಇಲ್ಲವಂತೆ. ಸಸ್ಯಾಹಾರಿ ಬೇರೆ. ಹೇಗಿರುತ್ತಾನೋ?
– ತಾಯಿ, ಮೈಸೂರು

ಉತ್ತರ: ಹೊಟ್ಟೆಗೆ ತೊಂದರೆಯಿಲ್ಲ; ಊಟದ ಹಾಲ್‌ನಲ್ಲಿ ಸಸ್ಯಾಹಾರ ಇದ್ದೇ ಇರುತ್ತದೆ, ನಾಲಿಗೆಗೆ ಮಾತ್ರ ಬೇಸರವಾಗುತ್ತದೆ. ಚಟ್ನಿಪುಡಿ ಕಟ್ಟಿಕೊಡಿ. ಕುಕ್ಕರ್ ಬೇಡ, ಅನೇಕ ಹಾಸ್ಟೆಲ್ ಕೋಣೆಗಳಲ್ಲಿ ಅದಕ್ಕೆ ಅನುಮತಿ ಇಲ್ಲ. ನಿಜವಾಗಿ ಯೋಚಿಸಬೇಕಾದದ್ದು ರಜೆಯ ಬಗ್ಗೆ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್‌ಗೂ ಡಿಸೆಂಬರ್ ರಜೆಗೂ ಊರು ಖಾಲಿಯಾಗುತ್ತದೆ. ಕೆಲವು ಕಡೆ ಊಟದ ಹಾಲ್, ಹಾಸ್ಟೆಲ್ ಎರಡೂ ಮುಚ್ಚುತ್ತವೆ. ಆ ದಿನಗಳಲ್ಲಿ ಎಲ್ಲಿರಬೇಕೆಂದು ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಸೆಪ್ಟೆಂಬರ್‌ನಲ್ಲೇ ಕೇಳಲು ಹೇಳಿ. ದಪ್ಪನೆಯ ಚಳಿಗಾಲದ ಕೋಟನ್ನು ಇಲ್ಲಿಂದ ಕೊಳ್ಳಬೇಡಿ. ಮೈಸೂರಿನ ಸ್ವೆಟರ್ ಅಲ್ಲಿನ ಅಕ್ಟೋಬರ್‌ಗಷ್ಟೇ ಸಾಕು.

ಪ್ರಶ್ನೆ: ಎರಡು ವರ್ಷ ಸಣ್ಣ ಕಾಲೇಜಿನಲ್ಲಿ ಓದಿ ದೊಡ್ಡ ವಿಶ್ವವಿದ್ಯಾಲಯಕ್ಕೆ ವರ್ಗವಾಗಬಹುದೇ?
– ಓದುಗ, ಹುಬ್ಬಳ್ಳಿ

ಉತ್ತರ: ಆಗಬಹುದು. ಆದರೆ ಮೊದಲ ಕಾಲೇಜು ಕೊಟ್ಟ ಧನಸಹಾಯ ನಿಮ್ಮ ಜೊತೆ ಬರುವುದಿಲ್ಲ. ನಡುವೆ ಸೇರುವ ವಿದೇಶಿ ವಿದ್ಯಾರ್ಥಿಗಳಿಗೆ ಹೊಸ ಸಹಾಯ ಸಿಗುವುದು ಅಪರೂಪ. ದೊಡ್ಡ ವಿಶ್ವವಿದ್ಯಾಲಯದ ಪಾಠಗಳಷ್ಟೇ ಬೇಕಿದ್ದರೆ, ಅರ್ಜಿ ಹಾಕುವಾಗಲೇ ಮ್ಯಾಸಚೂಸೆಟ್ಸ್‌ನ ಆಮ್ಹರ್ಸ್ಟ್, ಸ್ಮಿತ್, ಮೌಂಟ್ ಹೋಲಿಯೋಕ್ ಕಾಲೇಜುಗಳನ್ನು ನೋಡಿ (ಕೊನೆಯ ಎರಡು ಮಹಿಳಾ ಕಾಲೇಜುಗಳು). ಅಲ್ಲಿಂದ ಬಸ್ ಹತ್ತಿ ಪಕ್ಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ತರಗತಿಗೆ ಕೂರಬಹುದು, ಅದಕ್ಕೆ ಬೇರೆ ಶುಲ್ಕವಿಲ್ಲ.