ಸಿಂಬಳದ ಬಣ್ಣ ಬಿಡಿ, ಎದೆಗೂಡು ನೋಡಿ

ಪ್ರಶ್ನೆ: ಮಗನಿಗೆ ಮೂರು ವರ್ಷ. ಅಂಗನವಾಡಿಗೆ ಸೇರಿಸಿದಾಗಿನಿಂದ ತಿಂಗಳು ತಪ್ಪದೆ ನೆಗಡಿ. ಈ ಸಲ ಐದನೆಯ ದಿನಕ್ಕೆ ಸಿಂಬಳ ಗಟ್ಟಿಯಾಗಿ ಹಸಿರಾಗಿದೆ. ರಾತ್ರಿ ಕೆಮ್ಮು ಜಾಸ್ತಿ, ಜ್ವರ ಬಿಟ್ಟಿದೆ, ಆಡುತ್ತಾನೆ. ಹಿಂದಿನ ಸಲದ ಆ್ಯಂಟಿಬಯೋಟಿಕ್ ಅರ್ಧ ಸೀಸೆ ಮತ್ತು ಕೆಮ್ಮಿನ ಸಿರಪ್ ಉಳಿದಿವೆ. ಕೊಡಬಹುದೇ? ಅತ್ತೆಯವರು ಮೊಸರು, ಬಾಳೆಹಣ್ಣು ನಿಲ್ಲಿಸಿ, ದಿನಕ್ಕೆರಡು ಬಾರಿ ಹಬೆ ಹಿಡಿಸಬೇಕು ಎನ್ನುತ್ತಾರೆ.
– ಹೆಸರು ಬೇಡ, ಹಾಸನ

ಉತ್ತರ: ಮೊದಲು ಆ ಎರಡೂ ಸೀಸೆಗಳನ್ನು ಮನೆಯಿಂದಾಚೆ ಹಾಕಿ, ತಾಯಿ. ಪುಡಿಗೆ ನೀರು ಬೆರೆಸಿ ಕಲಕಿದ ಆ್ಯಂಟಿಬಯೋಟಿಕ್ ಒಂದೆರಡು ವಾರದಲ್ಲಿ ಕೆಡುತ್ತದೆ. ಕೆಡದಿದ್ದರೂ ಇಲ್ಲಿ ಅದಕ್ಕೆ ಕೆಲಸವಿಲ್ಲ. ನೆಗಡಿ ತರುವುದು ವೈರಸ್. ಆ್ಯಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು.

‘ಹಸಿರು ಬಂತು, ಇನ್ಫೆಕ್ಷನ್ ಆಯಿತು’ ಎಂದು ಹೆದರಿ ಬರುವ ಪಾಲಕರು ಬಹಳ. ಸೋಂಕಿನೊಡನೆ ಸೆಣಸಲು ಮೂಗಿಗೆ ಬಂದ ಬಿಳಿ ರಕ್ತಕಣಗಳಲ್ಲಿ ಹಸಿರು ಛಾಯೆಯ ಕಿಣ್ವವೊಂದಿದೆ. ಬಣ್ಣ ಅದರದ್ದು. ಮಾಮೂಲಿ ನೆಗಡಿಯೂ ನಾಲ್ಕೈದನೆಯ ದಿನಕ್ಕೆ ಹೀಗಾಗಿ, ಆಮೇಲೆ ತಿಳಿಯಾಗುತ್ತದೆ. ಹತ್ತು ದಿನ ಕಳೆದರೂ ಸ್ವಲ್ಪವೂ ಇಳಿಯದಿದ್ದರೆ, ಅಥವಾ ವಾಸಿಯಾಗುತ್ತಿದ್ದ ಮಗುವಿಗೆ ಮತ್ತೆ ಜ್ವರ ಏರಿದರೆ, ಕಿವಿ ನೋವೆಂದು ಅತ್ತರೆ, ಆಗ ವೈದ್ಯರಿಗೆ ತೋರಿಸಿ. ಕೆಮ್ಮು ಮಾತ್ರ ಎರಡು ಮೂರು ವಾರ ಎಳೆಯಬಹುದು. ಎರಡು ವಾರ ದಾಟಿತೆಂದರೆ ಒಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು; ನಮ್ಮ ದೇಶದಲ್ಲಿ ಕ್ಷಯವನ್ನು ಮರೆಯುವಂತಿಲ್ಲ.

ನೀವು ನೋಡಬೇಕಾದದ್ದು ಮೂಗನ್ನಲ್ಲ, ಉಸಿರನ್ನು. ಮಗು ಮಲಗಿ ಶಾಂತವಾಗಿರುವಾಗ ಅಂಗಿ ಮೇಲೆತ್ತಿ. ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಹೊಟ್ಟೆ ಏರಿಳಿಯುವುದನ್ನು ಎಣಿಸಿ. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಬೇಡಿ, ಮಕ್ಕಳ ಉಸಿರು ಒಂದೇ ಲಯದಲ್ಲಿರುವುದಿಲ್ಲ. ಒಂದರಿಂದ ಐದು ವರ್ಷದವರಲ್ಲಿ ಎಣಿಕೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರು, ಅದೇ ದಿನ ತೋರಿಸಿ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ತುಟಿ ನೀಲಿಗಟ್ಟಿದರೆ, ಮಗು ಏನೂ ಕುಡಿಯದೆ ಮಂಕಾಗಿ ಬಿದ್ದಿದ್ದರೆ ಬೆಳಗಾಗುವವರೆಗೆ ಕಾಯಬೇಡಿ.

ಇನ್ನು ಸಿರಪ್. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆಸಿದ ನೆಗಡಿ ಔಷಧಿಯನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರಲ್ಲೇ ಹೇಳಿದ್ದಾರೆ. 2025ರಲ್ಲಿ ಮಧ್ಯಪ್ರದೇಶದಲ್ಲಿ ಡೈಇಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿದ್ದ ಕೆಮ್ಮಿನ ಸಿರಪ್ ಕುಡಿದು ಪುಟ್ಟ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ತಾನಾಗಿಯೇ ಹೋಗುವ ಕೆಮ್ಮಿಗೆ ಇಷ್ಟು ಧೈರ್ಯ ಯಾಕೆ ಬೇಕು? ಮಲಗುವ ಮುಂಚೆ ಅರ್ಧ ಚಮಚ ಜೇನುತುಪ್ಪ ಕೊಡಿ, ರಾತ್ರಿಯ ಕೆಮ್ಮು ತಗ್ಗುತ್ತದೆ. (ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಲೇಬಾರದು, ಬಾಟ್ಯುಲಿಸಂ ಎಂಬ ಘೋರ ಕಾಯಿಲೆ ಬರಬಹುದು.) ಊಟಕ್ಕೆ, ನಿದ್ದೆಗೆ ಮುಂಚೆ ಸಲೈನ್ (ಉಪ್ಪುನೀರಿನ) ಹನಿಗಳನ್ನು ಮೂಗಿನ ಎರಡೂ ಹೊಳ್ಳೆಗಳಿಗೆ ಬಿಟ್ಟು, ಗೋಂದಿನಂತಿರುವುದು ಸಡಿಲವಾದ ಮೇಲೆ ಒರೆಸಿ. ಜ್ವರ ಬಂದು ಕಿರಿಕಿರಿಯಾದರೆ ಪ್ಯಾರಾಸಿಟಮಾಲ್ ಸಾಕು, ಪ್ರಮಾಣವನ್ನು ತೂಕ ನೋಡಿ ವೈದ್ಯರಿಂದ ಬರೆಸಿಕೊಳ್ಳಿ.

ಹಬೆ ಬೇಡ. ಕುದಿಯುವ ನೀರಿನ ಪಾತ್ರೆ ಮಗುಚಿ ತೊಡೆ ಬೆಂದ ಮಕ್ಕಳಿಗೆ ಡ್ರೆಸಿಂಗ್ ಮಾಡಿದ್ದೇನೆ. ಅದರ ಮುಂದೆ ನೆಗಡಿ ಏನೂ ಅಲ್ಲ. ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಹಚ್ಚುವ ಪದ್ಧತಿಯಿದ್ದರೆ ಅದನ್ನೂ ಬಿಡಿ. ಕರ್ಪೂರದ ಒಂದು ತುಂಡು ಹೊಟ್ಟೆಗೆ ಹೋದರೂ ಮಗುವಿಗೆ ಫಿಟ್ಸ್ ಬರಬಹುದು.

ಮೊಸರು, ಬಾಳೆಹಣ್ಣಿನಿಂದ ನೆಗಡಿ ಹೆಚ್ಚುವುದಿಲ್ಲ. ಆದರೆ ಅತ್ತೆಯವರೊಡನೆ ಈ ವಿಷಯಕ್ಕೆ ಜಗಳಕ್ಕಿಳಿಯಬೇಡಿ. ಫ್ರಿಜ್ಜಿನ ಮೊಸರು ಬೇಡವೆಂದರೆ ಹೊರಗಿಟ್ಟ ಮೊಸರನ್ನ ಕೊಡಿ. ಅವರು ಮಾಡುವ ಬಿಸಿ ಸಾರು, ಗಂಜಿ ನನ್ನ ಚೀಟಿಗಿಂತ ಮೇಲು. ಖಾರ ಮಾತ್ರ ಕಡಿಮೆಯಿರಲಿ.

ತಿಂಗಳಿಗೊಂದು ನೆಗಡಿ ಎಂಬ ಚಿಂತೆಯೂ ಬೇಡ. ಈ ವಯಸ್ಸಿನವರಿಗೆ ವರ್ಷಕ್ಕೆ ಆರೆಂಟು ಸಲ ಬರುವುದು ಸಹಜ, ನಾಲ್ಕು ಮಕ್ಕಳೊಡನೆ ಕೂತವರಿಗೆ ಇನ್ನಷ್ಟು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವವರುಂಟೇ? ಅಂಗನವಾಡಿ ಬಿಡಿಸಬೇಡಿ. ಜ್ವರವಿದ್ದ ದಿನ ಮನೆಯಲ್ಲಿರಲಿ, ಆಡುವಂತಾದ ಮೇಲೆ ಕಳಿಸಿ, ಬಂದ ಕೂಡಲೇ ಸೋಪು ಹಚ್ಚಿ ಕೈ ತೊಳೆಸಿ.