ಪಕ್ಕದ ಸೈಟಿಗೆ ಬೆಂಕಿ ಹಚ್ಚಬೇಡಿ, ಅರ್ಜಿ ಬರೆಯಿರಿ

ಬೇಸಿಗೆ ಬಂತೆಂದರೆ ನನಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ: ಪಕ್ಕದ ಖಾಲಿ ಸೈಟಿನ ಕಸ, ಮುಳ್ಳುಗಂಟಿಗೆ ಏನು ಮಾಡುವುದು? ಆರೋಗ್ಯ ನಿರೀಕ್ಷಕನಾಗಿ ಊರೂರು ಸುತ್ತಿ ನಿವೃತ್ತನಾದ ಮೇಲೂ ಅದು ಬೆನ್ನು ಬಿಟ್ಟಿಲ್ಲ. ಹಾಗಾಗಿ ಈ ಸಲ ಅದಕ್ಕೇ ಜಾಸ್ತಿ ಜಾಗ. ಹಸಿ ಕಸ, ಒಣ ಕಸ ಬೇರೆ ಮಾಡುವುದು ಹೇಗೆಂದು ಇಲ್ಲಿ ಹೇಳಲು ಹೋಗುವುದಿಲ್ಲ. ಅದು ನಿಮ್ಮ ಮನೆ ಮಕ್ಕಳಿಗೂ ಗೊತ್ತು.

ಪ್ರಶ್ನೆ: ಸರ್, ಬಳ್ಳಾರಿ ಹೊರವಲಯದ ಲೇಔಟ್‌ನಲ್ಲಿ ನಮ್ಮ ಮನೆ. ಪಕ್ಕದ 30-40ರ ಸೈಟು ಎಂಟು ವರ್ಷದಿಂದ ಖಾಲಿ ಬಿದ್ದಿದೆ. ಮಾಲೀಕರು ಬೆಂಗಳೂರಿನಲ್ಲಿದ್ದಾರಂತೆ. ಜಾಲಿ ಆಳೆತ್ತರ ಬೆಳೆದಿದೆ. ರಾತ್ರಿ ಯಾರೋ ಜೀನ್ಸ್ ಚಿಂದಿ ಮೂಟೆ ಸುರಿದು ಹೋಗುತ್ತಾರೆ. ಹೋದ ವಾರ ಹಾವು ಮನೆಯೊಳಗೇ ಬಂತು. ಪಾಲಿಕೆಗೆ ಫೋನ್ ಮಾಡಿ ಸಾಕಾಗಿದೆ. ನಾವೇ ಬೆಂಕಿ ಹಚ್ಚಿಬಿಡಬಹುದಾ?

ಉತ್ತರ: ಬೇಡ. ದಯವಿಟ್ಟು ಬೇಡ. ಬಯಲಲ್ಲಿ ಕಸ ಸುಡುವುದು ತಪ್ಪು ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದ್ದವು. ಅದೇ ವರ್ಷ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದಕ್ಕೆ 5,000 ರೂಪಾಯಿ ದಂಡ ಗೊತ್ತುಮಾಡಿತು. ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000. ಸೈಟು ಅವರದು, ಕಸ ಇನ್ಯಾರದೋ. ಕಡ್ಡಿ ಗೀರಿದ್ದು ಮಾತ್ರ ನೀವು. ದಂಡ ಬೀಳುವುದು ನಿಮಗೇ.

ದಂಡದ ಮಾತು ಬಿಡಿ. ಜೀನ್ಸ್ ಚಿಂದಿ ಅಂದರೆ ಬರೀ ಹತ್ತಿಯಲ್ಲ. ಹಿಗ್ಗುವ ಬಟ್ಟೆಯಲ್ಲಿ ಪಾಲಿಯೆಸ್ಟರ್, ಲೈಕ್ರಾ ಎಳೆ ಸೇರಿರುತ್ತವೆ. ಮೂಟೆಯೊಳಗೆ ಕಿಡಿ ಹೊಕ್ಕರೆ ಉರಿ ಕಾಣದಿದ್ದರೂ ಗಂಟೆಗಟ್ಟಲೆ ಕನಲುತ್ತಾ ಹೊಗೆ ಬಿಡುತ್ತದೆ. ಆ ಹೊಗೆ ನೇರ ನಿಮ್ಮ ಕಿಟಕಿಗೆ. ಇಷ್ಟಾದರೂ ಬಳ್ಳಾರಿ ಜಾಲಿ ಸಾಯುತ್ತದಾ? ಇಲ್ಲ. ಮೇಲಿನ ಮುಳ್ಳು ಸುಟ್ಟರೂ ಬುಡ ಮತ್ತೆ ಚಿಗುರುತ್ತದೆ. ಕೊಡಲಿ ಹಾಕಿದರೂ ಅಷ್ಟೇ, ಒಂದು ಕಾಂಡದ ಜಾಗದಲ್ಲಿ ನಾಲ್ಕು ಏಳುತ್ತವೆ. ನೆಲದಿಂದ ಒಂದು ಅಡಿ ಕೆಳಗಿನವರೆಗೆ ಬುಡ ಕಿತ್ತು ತೆಗೆದರೆ ಮಾತ್ರ ಮುಗಿಯಿತು. ಬುಡಕ್ಕೆ ಉಪ್ಪು, ಆಯಿಲ್ ಸುರಿಯುತ್ತೇವೆ ಎಂದು ದುಡ್ಡು ಕೇಳಿಕೊಂಡು ಬರುವವರನ್ನು ಗೇಟಿನಿಂದಲೇ ವಾಪಸ್ ಕಳಿಸಿ. ಕೆಡುವುದು ನಿಮ್ಮದೇ ಮಣ್ಣು, ನಿಮ್ಮದೇ ಬೋರ್‌ವೆಲ್ ನೀರು.

ಈಗ ಅಸಲಿ ಕೆಲಸ. ಫೋನ್ ದೂರಿಗೆ ಸಾಕ್ಷಿ ಇರುವುದಿಲ್ಲ. "ಮಾಲೀಕರು ಯಾರೋ ಗೊತ್ತಿಲ್ಲ" ಎಂದು ಕಚೇರಿಯವರು ಹೇಳಿದರೆ ನೀವು ಸುಮ್ಮನಾಗುತ್ತೀರಿ. ಅಲ್ಲೇ ತಪ್ಪುವುದು. ನಿಮ್ಮ ಬೀರುವಿನಲ್ಲಿರುವ ಕ್ರಯಪತ್ರ ತೆಗೆಯಿರಿ. ಕೊನೆಯಲ್ಲಿ ಚಕ್ಕುಬಂದಿ ಇರುತ್ತದೆ: ಪೂರ್ವಕ್ಕೆ ಇಂಥ ನಂಬರ್ ಸೈಟು, ಪಶ್ಚಿಮಕ್ಕೆ ರಸ್ತೆ ಅಂತ. ಪಕ್ಕದ ಸೈಟಿನ ನಂಬರ್ ನಿಮ್ಮ ಪತ್ರದಲ್ಲೇ ಸಿಕ್ಕಿತು ಅಲ್ವಾ? ಆ ನಂಬರ್ ಮೇಲೆ ಉಪನೋಂದಣಿ ಕಚೇರಿಯಲ್ಲೋ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲೋ ಇಸಿ, ಅಂದರೆ ಋಣಭಾರ ಪತ್ರ ತೆಗೆಸಿ. ಯಾರಿಂದ ಯಾರಿಗೆ ಮಾರಾಟವಾಗಿದೆ ಎಂದು ಹೆಸರು ಸಮೇತ ಬರುತ್ತದೆ.

ಆಮೇಲೆ ಪಾಲಿಕೆ ಆಯುಕ್ತರ ಹೆಸರಿಗೆ ಒಂದು ಪುಟದ ಅರ್ಜಿ. ಸೈಟ್ ನಂಬರ್, ಮಾಲೀಕರ ಹೆಸರು, ದಿನಾಂಕ ಕಾಣುವ ಮೂರು ಫೋಟೊ. ಹಾವು ಬಂದ ದಿನವನ್ನೂ ಬರೆಯಿರಿ. ಎರಡು ಪ್ರತಿ ಒಯ್ದು ಟಪಾಲು ವಿಭಾಗದಲ್ಲಿ ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಸೀಲು ಬೀಳದೆ ಅಲ್ಲಿಂದ ಏಳಬೇಡಿ. ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮ, 1976ರ ಪ್ರಕಾರ ಹೊಲಸು ತುಂಬಿದ, ಗಿಡಗಂಟಿ ಬೆಳೆದ ಜಾಗವನ್ನು ಸ್ವಚ್ಛ ಮಾಡುವಂತೆ ಮಾಲೀಕರಿಗೆ ನೋಟಿಸ್ ಕೊಡುವ ಅಧಿಕಾರ ಆಯುಕ್ತರಿಗಿದೆ. ಮಾಲೀಕರು ಮಾಡದಿದ್ದರೆ ಪಾಲಿಕೆಯೇ ಜೆಸಿಬಿ ತಂದು ಮಾಡಿಸಿ, ಖರ್ಚನ್ನು ಅವರಿಂದ ವಸೂಲಿ ಮಾಡಬಹುದು. ಕೊಪ್ಪಳ, ಗಂಗಾವತಿಯವರು ನಗರಸಭೆ ಪೌರಾಯುಕ್ತರಿಗೆ ಬರೆಯಿರಿ. ಅಲ್ಲಿ 1964ರ ಪುರಸಭೆಗಳ ಅಧಿನಿಯಮ.

ತಿಂಗಳು ಕಾದರೂ ಏನೂ ಆಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ: "ಇಂಥ ದಿನದ ನನ್ನ ಅರ್ಜಿಯ ಮೇಲೆ ಕೈಗೊಂಡ ಕ್ರಮದ ದಾಖಲೆ ಕೊಡಿ." 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಬರಬೇಕು. ಅದಕ್ಕೂ ಜಗ್ಗದಿದ್ದರೆ ಉಪವಿಭಾಗಾಧಿಕಾರಿ ಕಚೇರಿಗೆ ಹೋಗಿ. ಸಾರ್ವಜನಿಕ ಉಪದ್ರವ ತೆಗೆಸಲು ಆದೇಶ ಮಾಡುವ ಅಧಿಕಾರ ಅವರಿಗಿದೆ. ಹಿಂದೆ ಸಿಆರ್‌ಪಿಸಿ 133 ಎನ್ನುತ್ತಿದ್ದೆವು, 2024ರ ಜುಲೈಯಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ. ದುಡ್ಡಿಲ್ಲ, ಜನ ಇಲ್ಲ ಅನ್ನುವ ಕಚೇರಿಗೆ ಮಧ್ಯಪ್ರದೇಶದ ರತ್ಲಾಮ್ ಪುರಸಭೆಯ ಪ್ರಕರಣ ನೆನಪಿಸಿ. ಹಣವಿಲ್ಲ ಎಂದು ನೈರ್ಮಲ್ಯದ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ ಎಂದು 1980ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಚಿಂದಿ ಸುರಿಯುವವರ ಮೇಲೆ ಬೇರೆಯೇ ಅರ್ಜಿ ಕೊಡಿ. ಗಾಡಿ ನಂಬರ್ ಕಾಣುವಂತೆ ಮನೆಯೊಳಗಿನಿಂದಲೇ ಫೋಟೊ ತೆಗೆಯಿರಿ. ರಾತ್ರಿ ಒಬ್ಬರೇ ಹೋಗಿ ಅಡ್ಡ ನಿಲ್ಲಬೇಡಿ. ನಾನು ಒಮ್ಮೆ ಹಾಗೆ ನಿಂತು ಪೆಟ್ಟು ತಿಂದಿದ್ದೇನೆ.

ಇದನ್ನೆಲ್ಲ ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಗೊತ್ತಾ? ಇಂಥದ್ದೇ ಒಂದು ಸೈಟಿನಲ್ಲಿ ಕೋಲಿನಿಂದ ಚಿಂದಿ ಸರಿಸಿ ನೋಡಿದ್ದೆ. ಕೆಳಗೆ ಒಡೆದ ಎಳನೀರು ಬುರುಡೆ. ಒಳಗೆ ಎರಡು ಚಮಚ ಮಳೆನೀರು. ಅಷ್ಟರಲ್ಲೇ ಸೊಳ್ಳೆಮರಿಗಳು ಬಾಲ ಮೇಲೆ ಮಾಡಿ ಕುಣಿಯುತ್ತಿದ್ದವು. ಆ ಬೀದಿಯಲ್ಲಿ ಇಬ್ಬರು ಮಕ್ಕಳು ಆಗ ಡೆಂಗಿಯಿಂದ ಆಸ್ಪತ್ರೆಯಲ್ಲಿದ್ದರು. ಬೀದಿಯವರೆಲ್ಲ ಚರಂಡಿ ಕಡೆ ಬೆರಳು ತೋರಿಸುತ್ತಿದ್ದರು.

ಪ್ರಶ್ನೆ: ಮನೆ ಸುತ್ತ ಬ್ಲೀಚಿಂಗ್ ಪೌಡರ್ ಚೆಲ್ಲಿದರೆ ಸೊಳ್ಳೆ ಹೋಗುತ್ತವಾ?

ಉತ್ತರ: ಇಲ್ಲ. ಒಣ ನೆಲದ ಮೇಲಿನ ಬಿಳಿ ಗೆರೆ ಕಣ್ಣಿಗೆ ಸಮಾಧಾನ, ಅಷ್ಟೇ. ವಾರಕ್ಕೊಮ್ಮೆ ಡ್ರಮ್, ತೊಟ್ಟಿ ಖಾಲಿ ಮಾಡಿ ಉಜ್ಜಿ ಒಣಗಿಸಿ.

ಪ್ರಶ್ನೆ: ಖಾಲಿ ಸೈಟಿಗೆ ತೆರಿಗೆ ಇಲ್ಲ ಎಂದು ಏಜೆಂಟರು ಹೇಳಿದರು. ನಿಜವೇ?

ಉತ್ತರ: ಸುಳ್ಳು. ತೆರಿಗೆಯೂ ಇದೆ, ಸ್ವಚ್ಛವಾಗಿಡುವ ಹೊಣೆಯೂ ಇದೆ. ಆ ಏಜೆಂಟರನ್ನು ಬಿಡಿ.

ಪ್ರಶ್ನೆ: ಕಸ ಹಾಕಬಾರದೆಂದು ಕಾಂಪೌಂಡಿಗೆ ದೇವರ ಟೈಲ್ಸ್ ಅಂಟಿಸಬಹುದೇ?

ಉತ್ತರ: ಬೇಡ. ಕಸ ನಾಲ್ಕು ಅಡಿ ಆಚೆ ಬೀಳುತ್ತದೆ, ದೇವರು ಧೂಳು ತಿನ್ನುತ್ತಾನೆ. ಒಂದು ಬಲ್ಬ್ ಹಾಕಿಸಿ.

ಪ್ರಶ್ನೆ: ಮನೆ ಮುಂದೆ ಶಾಮಿಯಾನ ಹಾಕಿ ಮುನ್ನೂರು ಜನಕ್ಕೆ ಊಟ ಹಾಕುತ್ತೇವೆ. ಎಲೆ ಕಸ ಪೌರಕಾರ್ಮಿಕರು ಒಯ್ಯುತ್ತಾರಲ್ಲ?

ಉತ್ತರ: ನೂರಕ್ಕಿಂತ ಜಾಸ್ತಿ ಜನ ಸೇರುವುದಾದರೆ ಕನಿಷ್ಠ ಮೂರು ಕೆಲಸದ ದಿನ ಮೊದಲೇ ಪಾಲಿಕೆಗೆ ತಿಳಿಸಬೇಕು. ಎಲೆಯೊಳಗೆ ಪ್ಲಾಸ್ಟಿಕ್ ಲೋಟ ಸೇರಿಸಬೇಡಿ. ಅದನ್ನು ಬರಿಗೈಯಲ್ಲಿ ಆರಿಸಬೇಕಾದವರು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬಂದಿರುತ್ತಾರೆ.