'ಲ್ಯಾಂಟರ್ನ್ಸ್ ಆನ್ ದಿ ಲೆವೀ' ಆತ್ಮಕಥೆಯನ್ನು ಎಷ್ಟು ನಂಬಬಹುದು?

ಮನೆಯೊಳಗಿನ ವಿವರಗಳನ್ನು ನಂಬಿ, ಪಾಲುಬೇಸಾಯದ ಸಮರ್ಥನೆಯನ್ನು ಬೇಡ. ಜಮೀನ್ದಾರ ಮನೆತನದ ವಿಲಿಯಂ ಅಲೆಕ್ಸಾಂಡರ್ ಪರ್ಸಿ 1941ರಲ್ಲಿ ಇದನ್ನು ಪ್ರಕಟಿಸುವ ಹೊತ್ತಿಗೆ ಅಮೆರಿಕದ ಮಿಸಿಸಿಪಿ ರಾಜ್ಯದ ಹಳೆಯ ಜಮೀನ್ದಾರರ ಕಾಲ ಮುಗಿಯುತ್ತಿತ್ತು. ಸೆನೆಟರ್ ಆಗಿದ್ದ ಅಪ್ಪ ಲೆರಾಯ್ 1911ರ ಚುನಾವಣೆಯಲ್ಲಿ ಸೋತದ್ದೇ ಮಗನ ಕಣ್ಣಿಗೆ ದೊಡ್ಡ ಕುಸಿತ.

ಮೊದಲು 1927ರ ಪ್ರವಾಹದ ಅಧ್ಯಾಯ ಓದಿ. ಗ್ರೀನ್‌ವಿಲ್‌ನ ನದಿ ಒಡ್ಡಿನ ಮೇಲೆ ಸಿಕ್ಕಿಬಿದ್ದ ಸಾವಿರಾರು ಕಪ್ಪು ಜನರನ್ನು ಹಡಗು ಹತ್ತಿಸಿ ಕಳಿಸಲು ಪರ್ಸಿ ಸಿದ್ಧರಾಗುತ್ತಾರೆ. ಹೋದ ಆಳುಗಳು ಮರಳಿ ಬರಲಾರರೆಂದು ಜಮೀನ್ದಾರರು ತಡೆಯುತ್ತಾರೆ, ಪರ್ಸಿಯೇ ಮುಖ್ಯಸ್ಥರಾಗಿದ್ದ ಪರಿಹಾರ ಸಮಿತಿಯೂ ಹಿಂಜರಿಯುತ್ತದೆ. ಸಮಿತಿಯ ಮನಸ್ಸು ತಿರುಗಿಸಿದ್ದು ಸ್ವಂತ ಅಪ್ಪನೇ ಎಂಬುದು ಅವರಿಗೆ ತಿಳಿದದ್ದು ಅಪ್ಪ ತೀರಿಕೊಂಡ ಮೇಲೆ. ಪುಸ್ತಕದ ಜೀವವೇ ಈ ಪುಟಗಳಲ್ಲಿದೆ. ಅಷ್ಟಾದರೂ ಅಪ್ಪನ ಮೇಲಿನ ಭಕ್ತಿ ಕದಲುವುದಿಲ್ಲ. ಒಡ್ಡಿನ ಮೇಲೆ ಉಳಿದವರ ದನಿಯಂತೂ ಕೇಳುವುದೇ ಇಲ್ಲ.